ಮೂಲೆ ಜಾಗದ ಜಗಳ

ಭಾನುವಾರ, 16 ಜೂನ್ 2024

ಇವತ್ತು ಬಡಾವಣೆಯ ಸಭೆ ಇತ್ತು. ಮೂಲೆಯಲ್ಲಿ ಖಾಲಿ ಬಿದ್ದಿದೆಯಲ್ಲ, ಆ ದೊಡ್ಡ ಜಾಗದ್ದೇ ಮಾತು. ಅಲ್ಲಿ ಮನೆಗಳು ಬರಬೇಕೋ, ಕಮರ್ಷಿಯಲ್ ಕಟ್ಟಡ ಬರಬೇಕೋ? ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡು ಹೋದವಳು ಮನೆಗೆ ಬರುವಾಗ ಕತ್ತಲಾಗಿತ್ತು, ಗಂಟಲು ಕಟ್ಟಿತ್ತು. ಹೌದು, ನಾನೂ ಕೂಗಾಡಿದೆ.

ಹೋಗುವಾಗ ನಾನು ಪಕ್ಕಾ ಮನೆಗಳೇ ಬರಲಿ ಅನ್ನುವ ಪಾರ್ಟಿ. ಅಂಗಡಿ ಸಾಲು ಬಂದರೆ ಹಾರ್ನು, ಬೋರ್ಡಿನ ಲೈಟು, ಬೆಳಗಿನ ಜಾವ ಸಾಮಾನು ಇಳಿಸುವ ಲಾರಿ, ‘ಎರಡೇ ನಿಮಿಷ’ ಅಂತ ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿ ಮಾಯವಾಗುವ ಕಾರು, ಇದೆಲ್ಲ ಯಾರಿಗೆ ಬೇಕು ಹೇಳಿ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇದನ್ನೇ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಆಮೇಲೆ ಅವರು, ‘ಮನೆ ಅಂದರೆ ಒಂಟಿ ಮನೆ ಮಾತ್ರ, ಫ್ಲ್ಯಾಟು ಗೀಟು ಬೇಡ, ಅಲ್ಲಿಗೆ ಬರುವ ಜನ ಎಂಥವರೋ ಏನೋ’ ಅಂದರು. ನಾನಿರುವುದೇ ಫ್ಲ್ಯಾಟಿನಲ್ಲಿ. ‘ಸರ್, ಆ ಜನ ನಾನೇ’ ಅಂದೆ. ‘ಅಯ್ಯೋ, ನಿಮಗಲ್ಲಮ್ಮ ಹೇಳಿದ್ದು’ ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಊಟ ಆದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು, ಹುಡುಕಿ ಓದುತ್ತಾ ಕೂತೆ. ಆ ಸರ್ ಹೇಳಿದ್ದು ಹೊಸ ಮಾತೇನಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಪಕ್ಕ ಯೂಕ್ಲಿಡ್ ಅಂತ ಒಂದು ಊರು. ಇಲ್ಲಿ ಮನೆ, ಅಲ್ಲಿ ಅಂಗಡಿ, ಅದರಾಚೆ ಕಾರ್ಖಾನೆ ಅಂತ ಊರಿನವರು ಗೆರೆ ಎಳೆದರು, ಜಮೀನಿನ ಕಂಪನಿ ಕೋರ್ಟಿಗೆ ಹೋಯಿತು, 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ‘ಗೆರೆ ಎಳೆಯುವ ಹಕ್ಕು ಊರಿಗಿದೆ’ ಅಂದಿತು. ಅಷ್ಟು ಸರಿ. ಆದರೆ ಅದೇ ತೀರ್ಪು ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿ ಅಂತಲೂ ಕರೆದಿದೆ. ಅಂದರೆ ನಾನು ಬಂದಳಿಕೆ! ಮನೆ ಮಾತ್ರ ಅಂತ ಗಂಟಲು ಹರಿದುಕೊಂಡವಳು ಮೂಲ ಗೆರೆಯ ಆಚೆ ಬದಿಯವಳು.

ಅಂಗಡಿ ಬರಲಿ ಅಂದವರ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಎದುರು ಸಾಲಿನ ಆಂಟಿ ಒಂದೇ ಮಾತು ಹೇಳಿದ್ದು. ‘ಒಂದು ಮಾತ್ರೆ ಬೇಕಾದರೂ ಮಗನ ಕಾರಿಗೆ ಕಾಯಬೇಕಲ್ಲಮ್ಮ.’ ನಿಜ ಅಲ್ವಾ? ಬೆಳೆಯುವ ಬಡಾವಣೆಯಲ್ಲಿ ಮೊದಲು ಬರುವುದು ಮನೆ. ಗಿರಾಕಿ ಸಾಲುವಷ್ಟು ಜನ ಸೇರುವ ತನಕ ಅಂಗಡಿಯವರು ಈ ಕಡೆ ತಲೆ ಹಾಕುವುದಿಲ್ಲ. ಜನ ಸೇರುವ ಹೊತ್ತಿಗೆ ಒಂದು ಸೈಟೂ ಉಳಿದಿರುವುದಿಲ್ಲ. ಆಮೇಲೆ ಎಲ್ಲದಕ್ಕೂ ಗಾಡಿ ತೆಗೆಯಬೇಕು, ಅದೇ ಗಾಡಿಗಳ ಸಾಲಿನಲ್ಲಿ ನಿಂತು ಟ್ರಾಫಿಕ್ ಜಾಸ್ತಿಯಾಯಿತು ಅಂತ ಬೈಯಬೇಕು.

ಜಪಾನಿನ ನಿಯಮ ಓದಿ ಖುಷಿಯಾಯಿತು. ಅಲ್ಲಿ ಮನೆಗಳಿಗೆಂದೇ ಇಟ್ಟ, ಅತಿ ಬಿಗಿ ನಿಯಮದ ವಲಯದಲ್ಲೂ ಮನೆಯ ಜೊತೆ ಸಣ್ಣ ಅಂಗಡಿ ಇಡಬಹುದಂತೆ. ಷರತ್ತು ಎರಡು: ಅಂಗಡಿ ಭಾಗ 50 ಚದರ ಮೀಟರ್ ದಾಟಬಾರದು, ಕಟ್ಟಡದ ಅರ್ಧಕ್ಕಿಂತ ಕಡಿಮೆ ಇರಬೇಕು. 50 ಚದರ ಮೀಟರ್ ಅಂದರೆ ಸುಮಾರು 540 ಚದರ ಅಡಿ. ಅಷ್ಟು ಸಣ್ಣ ಅಂಗಡಿಗೆ ಯಾವ ದೊಡ್ಡ ಲಾರಿ ಬಂದೀತು? ನಾವು ಮೂರು ಗಂಟೆ ಕಿತ್ತಾಡಿದೆವು, ‘ಎಷ್ಟು ದೊಡ್ಡದು’ ಅಂತ ಒಬ್ಬರೂ ಕೇಳಲಿಲ್ಲ. ಕಮರ್ಷಿಯಲ್ ಅಂದ ತಕ್ಷಣ ನನ್ನ ಕಣ್ಣ ಮುಂದೆ ಮಾಲ್, ಆಂಟಿಯ ಕಣ್ಣ ಮುಂದೆ ಔಷಧಿ ಅಂಗಡಿ.

ಮಾಲ್ ಅಂದರೆ ವಿಕ್ಟರ್ ಗ್ರುಯೆನ್ ನೆನಪಾಗುತ್ತಾರೆ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕ ಸೇರಿದ ವಾಸ್ತುಶಿಲ್ಪಿ, 1956ರಲ್ಲಿ ಮಿನಿಯಾಪೊಲಿಸ್ ಪಕ್ಕದ ಎಡೈನಾದಲ್ಲಿ ಸೌತ್‌ಡೇಲ್ ಕಟ್ಟಿದವರು. ಮಾಲ್ ನಡುವೆ ಇರಲಿ, ಸುತ್ತ ಮನೆ, ಶಾಲೆ, ಪಾರ್ಕು, ಕೆರೆ ಎಲ್ಲ ಇರಲಿ, ಜನ ನಡೆದುಕೊಂಡು ಬರಲಿ ಅನ್ನುವುದು ಅವರ ಆಸೆ. ಮಾಲ್ ಬಂತು, ಅದರ ಸುತ್ತ ಕಾರು ನಿಲ್ಲಿಸುವ ಬಯಲು ಬಂತು. ಕೊನೆಗೆ ತಮ್ಮ ಹೆಸರನ್ನು ಈ ಮಾಲ್‌ಗಳ ಜೊತೆ ಸೇರಿಸಬೇಡಿ ಅನ್ನುವಷ್ಟು ಅವರಿಗೆ ಬೇಸರವಾಗಿತ್ತು, ಪಾಪ.

ಕಾರಿನ ಲೆಕ್ಕ ಹಾಕಿದರೆ ಅದೇನೂ ಆಶ್ಚರ್ಯ ಅಲ್ಲ. ಒಂದು ಕಾರಿಗೆ ನಿಲ್ಲುವ ಜಾಗ, ತಿರುಗುವ ಜಾಗ ಸೇರಿ ಸುಮಾರು 300 ಚದರ ಅಡಿ ಬೇಕು. 1,000 ಚದರ ಅಡಿ ಅಂಗಡಿಗೆ ನಾಲ್ಕು ಕಾರು ಅಂತ ನಿಯಮ ಮಾಡಿದರೆ, ಅಂಗಡಿಗಿಂತ ಪಾರ್ಕಿಂಗೇ ದೊಡ್ಡದು. ಅದರ ಬದಲು ಮೇಲೆ ಮನೆ, ಕೆಳಗೆ ಆಫೀಸೋ ಅಂಗಡಿಯೋ ಇಟ್ಟರೆ? ಮನೆಯವರ ಕಾರು ಬೆಳಿಗ್ಗೆ ಹೊರಡುತ್ತದೆ, ಆಫೀಸಿನವರದ್ದು ಆಗ ಬರುತ್ತದೆ, ಸಂಜೆ ಉಲ್ಟಾ. ಒಂದೇ ಜಾಗ ಇಬ್ಬರಿಗೂ ಆಗುತ್ತದೆ. ರಾತ್ರಿ ಬೀದಿಯೂ ಬಿಕೋ ಅನ್ನುವುದಿಲ್ಲ. ಸದ್ದು ಇದ್ದೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ, ಅದಕ್ಕೆ ಲಾರಿ ಬರುವ ಹೊತ್ತು, ಲೈಟು ಆರಿಸುವ ಹೊತ್ತು ಮೊದಲೇ ಬರೆಸಿಕೊಳ್ಳಬೇಕು.

ಮುಂದಿನ ಸಭೆ ಎರಡು ವಾರಕ್ಕೆ. ಆ ಸರ್ ಪಕ್ಕದಲ್ಲೇ ಕೂರುತ್ತೇನೆ, ಆಂಟಿಯನ್ನೂ ಕರೆದು ಕೂರಿಸಿಕೊಳ್ಳುತ್ತೇನೆ. ಅದಕ್ಕೆ ಮುಂಚೆ ಒಂದು ಕೆಲಸ ಇದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮ ಪಾರ್ಕಿಂಗಿನಲ್ಲಿ ಎಷ್ಟು ಜಾಗ ಖಾಲಿ ಇರುತ್ತದೆ ಅಂತ ಇಳಿದು ಎಣಿಸಬೇಕು.