ಹೊಂಡಗಳ ಸೈಟ್ ಡೈರೆಕ್ಟರಿಗೆ ಸೇರುತ್ತಾ? ಐದು ವಾರದ ಲೆಕ್ಕ

ಮೊದಲ ವಾರ

ಚಿತ್ರದುರ್ಗದ ಹೊಂಡಗಳ ಬಗ್ಗೆ ನಾನು ಮಾಡಿರುವ ಸೈಟನ್ನು ಕರ್ಲಿಗೆ ಸೇರಿಸಬೇಕು ಅಂತ ಈ ಸಲ ಹಟ ಹಿಡಿದಿದ್ದೇನೆ. ಮನುಷ್ಯರೇ ಸೈಟ್ ತೆರೆದು ನೋಡಿ, ಸರಿ ಅನಿಸಿದರೆ ಪಟ್ಟಿಗೆ ಸೇರಿಸುವ ಡೈರೆಕ್ಟರಿ ಅದು. ಹಳಬರಿಗೆ ಡಿಮೋಜ್ ಅನ್ನೋ ಇಂಥದ್ದೇ ಹಳೆಯ ಡೈರೆಕ್ಟರಿ ಗೊತ್ತಿರುತ್ತದೆ. 1998ರಲ್ಲಿ ಶುರುವಾದ ಅದು 2017ರ ಮಾರ್ಚ್‌ನಲ್ಲಿ ಮುಚ್ಚಿತು. ಅದರ ಎಡಿಟರ್‌ಗಳೇ ಕರ್ಲಿ ಅಂತ ಮುಂದುವರಿಸಿದರು. ಅವರಿಗೆ ಸಂಬಳ ಇಲ್ಲ, ನಮಗೆ ಖರ್ಚೂ ಇಲ್ಲ. ಯಾಹೂ ಡೈರೆಕ್ಟರಿ ವ್ಯಾಪಾರದ ಸೈಟ್‌ಗಳಿಂದ ವರ್ಷಕ್ಕೆ 299 ಡಾಲರ್ ತೆಗೆದುಕೊಳ್ಳುತ್ತಿತ್ತು. ಅದೂ 2014ರಲ್ಲಿ ಬಾಗಿಲು ಹಾಕಿತು.

“ಇದರಿಂದ ಗೂಗಲ್‌ನಲ್ಲಿ ಮೇಲೆ ಬರುತ್ತಾ ಮಾವ?” ಅಂದ ಅಕ್ಕನ ಮಗ.

“ಅದಕ್ಕಲ್ಲ ಕಣೋ. ಯಾರೋ ಒಬ್ಬರು ಕೂತು ಓದ್ತಾರಲ್ಲ, ಅದಕ್ಕೆ.”

ಎರಡನೇ ವಾರ

ಎಲ್ಲಿ ಕೊಡಬೇಕು ಅನ್ನೋದೇ ತಲೆನೋವು. ಊರುಗಳ ವಿಭಾಗದಲ್ಲಿ ಏಷ್ಯಾ, ಭಾರತ, ಕರ್ನಾಟಕ ಅಂತ ಒಂದೊಂದೇ ಮೆಟ್ಟಿಲು ಇಳಿದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ನೀರು ಇಳಿಯುತ್ತದಲ್ಲ, ಹಾಗೆ. ತಳ ಮುಟ್ಟಿದ ಮೇಲೆ ನಿಯಮ ಓದಿದೆ. ಅದು ಇಂಗ್ಲಿಷ್ ಸೈಟ್‌ಗಳ ಜಾಗ! ಕನ್ನಡದ ಸೈಟ್ ಅಂದರೆ ಭಾಷೆಗಳ ವಿಭಾಗಕ್ಕೆ ಹೋಗಿ ಕನ್ನಡದ ಕೆಳಗೇ ಕೊಡಬೇಕು. ಇಳಿದಷ್ಟೂ ಮತ್ತೆ ಹತ್ತಿದೆ. ಎರಡೂ ಕಡೆ ಕೊಟ್ಟುಬಿಡೋಣ ಅನ್ನೋ ಆಸೆಯೂ ಬಂತು. ಆದರೆ ತಕ್ಕದ್ದು ಅನಿಸಿದ ಒಂದೇ ವಿಭಾಗ, ಒಂದೇ ಸಲ.

ಮೂರನೇ ವಾರ

ಸೈಟಿನ ಬಗ್ಗೆ ಒಂದೆರಡು ಸಾಲು ಬರೆಯಬೇಕು. ನಾನು ಬರೆದದ್ದು: “ಏಳು ಸುತ್ತಿನ ಕೋಟೆಯ ಅದ್ಭುತ ಹೊಂಡಗಳ ಸಂಪೂರ್ಣ ಮಾಹಿತಿ ನೀಡುವ ಏಕೈಕ ತಾಣ!” ತಂಗಿಗೆ ಓದಿ ಹೇಳಿದೆ.

“ಅಣ್ಣಾ, ಚಂದ್ರವಳ್ಳಿ ಪುಟದಲ್ಲಿ ಇನ್ನೂ ‘ಶೀಘ್ರದಲ್ಲೇ ಬರಲಿದೆ’ ಅಂತಿದೆ. ಸಂಪೂರ್ಣ ಎಲ್ಲಿಂದ ಬಂತು?”

ಬಾಯಿ ಮುಚ್ಚಿಕೊಂಡೆ. ಅರ್ಧ ಕಟ್ಟಿದ ಸೈಟ್ ಅವರು ತೆಗೆದುಕೊಳ್ಳುವುದಿಲ್ಲ. ಹೊಗಳಿಕೆಯೂ ಬೇಡ. ಸೈಟಿನಲ್ಲಿ ಏನಿದೆ ಅಂತ ಹೇಳಿದರೆ ಸಾಕು.

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಚಂದ್ರವಳ್ಳಿಗೆ ಹೋದೆ. ಅಲ್ಲಿ ಮಯೂರಶರ್ಮನ ಬಂಡೆ ಶಾಸನ ಇದೆ. ಕೆರೆ ಕಟ್ಟಿಸಿದ ವಿಷಯದ ಜೊತೆಗೇ ಅವನು ಗೆದ್ದವರ ದೊಡ್ಡ ಪಟ್ಟಿ. ಡೈರೆಕ್ಟರಿಯ ಎಡಿಟರ್ ಆಗಿದ್ದರೆ ಕೆರೆ ಉಳಿಸಿಕೊಂಡು ಪಟ್ಟಿಗೆ ಗೀಟು ಎಳೆಯುತ್ತಿದ್ದರು! ಮನೆಗೆ ಬಂದು ನನ್ನ ಪಟ್ಟಿಗೂ ಗೀಟು ಎಳೆದೆ. ಉಳಿದದ್ದು: “ಚಿತ್ರದುರ್ಗದ ಕೋಟೆ ಮತ್ತು ಪೇಟೆಯ ಹೊಂಡಗಳು, ಚಂದ್ರವಳ್ಳಿ ಕೆರೆ. ಫೋಟೋ, ನಕ್ಷೆ, ನೀರು ಹರಿಯುವ ದಾರಿ.” ಹೆಸರಿನ ಜಾಗದಲ್ಲಿ ಸೈಟಿನ ಹೆಸರಷ್ಟೇ. ಮುಂದೆ ಸೇರಿಸಿದ್ದ ‘ನಂಬರ್ ಒನ್’ ಕೂಡ ಹೋಯಿತು.

ನಾಲ್ಕನೇ ವಾರ

ಕೊಟ್ಟೆ.

ಐದನೇ ವಾರ

ಏನೂ ಬಂದಿಲ್ಲ. ಎಡಿಟರ್‌ಗಳು ಬಿಡುವಾದಾಗ ನೋಡುವವರು, ಇಷ್ಟೇ ದಿನ ಅಂತ ಇಲ್ಲ. ದಿನಾ ಹೋಗಿ ಇಣುಕುವುದನ್ನು ಬಿಟ್ಟಿದ್ದೇನೆ (ಸುಳ್ಳು, ನಿನ್ನೆಯೂ ನೋಡಿದೆ). ಅಷ್ಟರಲ್ಲಿ ಸಂತೆ ಹೊಂಡದ ಪುಟದಲ್ಲಿ ಎರಡು ಫೋಟೋ ಮೊಬೈಲ್‌ನಲ್ಲಿ ತೆರೆಯುತ್ತಿಲ್ಲ ಅಂತ ಗೊತ್ತಾಯಿತು. ಇವತ್ತು ರಾತ್ರಿಯೇ ಸರಿಮಾಡಬೇಕು. ಅವರು ನಾಳೆ ಬೆಳಿಗ್ಗೆಯೇ ನೋಡಿಬಿಟ್ಟರೆ?