ಎಡಗಡೆಯ ಫೌಂಡೇಶನ್ ರಬ್ಬರು

ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದ ನನ್ನ ಸೋದರಮಾವ ಊರಿಗೆ ಮರಳುವಾಗ ಹಡಗಿನಲ್ಲಿ ತರಿಸಿಕೊಂಡಿದ್ದ 1967ರ ಎಂಜಿಬಿ ಕಾರು ಈಗ ಕದ್ರಿಯ ನಮ್ಮ ಮನೆಯ ಶೆಡ್ಡಿನಲ್ಲಿದೆ. ಎಂಜಿ ಎಂದೊಡನೆ ಈಗಿನ ಎಸ್‌ಯುವಿಗಳನ್ನು ನೆನೆಯುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಇದು ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನ, ತೆರೆದ ಮಾಡಿನ ಸ್ಪೋರ್ಟ್ಸ್ ಕಾರು.

ಮಳೆಗಾಲಕ್ಕೆ ಮುನ್ನ, ಬಿಜೈ ಕಡೆಯಿಂದ ಸರ್ಕಿಟ್ ಹೌಸಿನ ಏರು ಹತ್ತುವಾಗ, ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಗಾಡಿ ಗಡಗಡನೆ ನಡುಗತೊಡಗಿತು. ಗೇರ್ ಲಿವರ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಕಾಲಡಿಯಲ್ಲಿ ಎಲ್ಲೋ ಸೈಲೆನ್ಸರ್ ಪೈಪು ಬಾಡಿಗೆ ಬಡಿದಂತೆ ಠಣ್ ಎಂಬ ಸದ್ದು ಬೇರೆ. ನಾನು ಮೊದಲು ತೋರಿಸಿದ ಗ್ಯಾರೇಜಿನವರು ಕ್ಲಚ್ ಪ್ಲೇಟ್ ಹೋಗಿದೆ ಎಂದು ತೀರ್ಪು ಕೊಟ್ಟರು. ಎಂಜಿಬಿಯಲ್ಲಿ ಕ್ಲಚ್ ಬದಲಿಸಬೇಕಾದರೆ ಎಂಜಿನ್ನನ್ನೇ ಹೊರತೆಗೆಯಬೇಕು. ಆ ಖರ್ಚಿಗೆ ಹೆದರಿ, ಮಳೆ ಮುಗಿಯಲಿ ಎಂದು ಕೆಲಸವನ್ನು ಮುಂದೂಡಿದ್ದು ನನ್ನ ಜಾಣತನವಲ್ಲ, ಬರೀ ಅದೃಷ್ಟ.

ಯೆಯ್ಯಾಡಿಯ ಹಿರಿಯ ಮೆಕ್ಯಾನಿಕ್ಕರೊಬ್ಬರು ಮನೆಗೇ ಬಂದು ನೋಡಿದರು. ಬಾನೆಟ್ ತೆರೆಸಿ, ಹ್ಯಾಂಡ್ ಬ್ರೇಕ್ ಎಳೆಸಿ, ತಾವು ಪಕ್ಕಕ್ಕೆ ಸರಿದು ನಿಂತು, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ತುಸುವೇ ಬಿಡಲು ನನಗೆ ಹೇಳಿದರು. ಎಂಜಿನ್ನಿನ ಎಡಭಾಗ ಎರಡು ಬೆರಳಿನಷ್ಟು ಮೇಲೆದ್ದಿತು. ರಿವರ್ಸಿನಲ್ಲಿ ಹಾಗೆಯೇ ಮಾಡಿದಾಗ ಬಲಭಾಗ ಅಲುಗಿತೇ ಹೊರತು ಏಳಲಿಲ್ಲ. "ಕ್ಲಚ್ಚಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ಎಡಗಡೆ ಫೌಂಡೇಶನ್ ಬಿಟ್ಟಿದೆ, ಅಷ್ಟೆ" ಎಂದರು. ಫೌಂಡೇಶನ್ ಎಂದರೆ ಎಂಜಿನ್ನನ್ನು ಎಡಬಲಗಳಲ್ಲಿ ಹೊತ್ತು ಬಾಡಿಗೆ ಹಿಡಿದಿಡುವ ರಬ್ಬರಿನ ತುಂಡು, ಇಂಗ್ಲಿಷಿನಲ್ಲಿ ಎಂಜಿನ್ ಮೌಂಟ್.

ಎಡಗಡೆಯದೇ ಏಕೆ ಹೋಯಿತು ಎಂಬುದು ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಒಂದಕ್ಕೊಂದು ಬಿಗಿದ ಒಂದೇ ಗಟ್ಟಿ. ಅದು ಹಿಂಚಕ್ರಗಳ ಕಡೆಗೆ ಹೋಗುವ ಶಾಫ್ಟನ್ನು ಒಂದು ದಿಕ್ಕಿಗೆ ತಿರುಗಿಸುವಾಗ ತಾನು ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತದೆ. ಮುಂದಕ್ಕೆ ಹೋಗುವಾಗ ಈ ಹೊರಳಾಟದಲ್ಲಿ ಬಲಗಡೆಯ ರಬ್ಬರು ಅದುಮಲ್ಪಡುತ್ತದೆ, ಎಡಗಡೆಯದು ಮೇಲಕ್ಕೆ ಎಳೆಯಲ್ಪಡುತ್ತದೆ. ರಬ್ಬರು ಅದುಮುವುದನ್ನು ಎಷ್ಟು ಬೇಕಾದರೂ ತಾಳಿಕೊಳ್ಳುತ್ತದೆ. ಉಕ್ಕಿನ ಪಟ್ಟಿಗೆ ಅಂಟಿಸಿದ ರಬ್ಬರನ್ನು ಎಳೆಯುತ್ತಲೇ ಇದ್ದರೆ ಆ ಅಂಟು ಒಂದು ದಿನ ಬಿಡಲೇಬೇಕು. ಬಿಟ್ಟ ಮೇಲೆ ಎಂಜಿನ್ ಏಳುತ್ತದೆ, ಏಳುವಾಗ ಆಕ್ಸಿಲರೇಟರ್ ಕೇಬಲ್ಲನ್ನೂ ಜಗ್ಗುತ್ತದೆ, ನಡುಕ ಇಮ್ಮಡಿಯಾಗುತ್ತದೆ. ಇದು ಹಳೆಯ ಕಾರಿನ ಸಣ್ಣ ಕಿರಿಕಿರಿಯೆಂದು ತಳ್ಳಿಹಾಕುವಂಥದ್ದೇನಲ್ಲ. 1971ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸುಮಾರು 67 ಲಕ್ಷ ಷೆವರ್ಲೆ ವಾಹನಗಳನ್ನು ವಾಪಸು ಕರೆಸಿಕೊಂಡದ್ದು ಇದೇ ಕಾರಣಕ್ಕೆ: ಮೌಂಟ್ ಹರಿದು ಎಂಜಿನ್ ಎದ್ದಾಗ ಆಕ್ಸಿಲರೇಟರ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುವ ಅಪಾಯವಿತ್ತು.

ಕೆಲಸವನ್ನು ಒಂದು ಭಾನುವಾರ ಮಾಡಿದೆವು. ಬ್ಯಾಟರಿ ಕಳಚಿ, ಆಯಿಲ್ ಚೇಂಬರಿನ ಅಡಿಗೆ ಅಗಲವಾದ ಮರದ ಹಲಗೆ ಕೊಟ್ಟು, ಅದರ ಕೆಳಗೆ ಜಾಕಿ ಇಟ್ಟೆವು. ಹಲಗೆಯಿಲ್ಲದೆ ಎತ್ತಿದರೆ ಚೇಂಬರಿನ ತಗಡು ತಗ್ಗಾಗುತ್ತದೆ. ಫ್ಯಾನು ರೇಡಿಯೇಟರಿಗೆ ತಾಗದಂತೆ, ಹೋಸ್ ಪೈಪುಗಳು ಬಿಗಿಯದಂತೆ ನೋಡಿಕೊಳ್ಳುತ್ತ ಕೂದಲೆಳೆಯಷ್ಟೇ ಎತ್ತುತ್ತ ಹೋದೆವು. ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಅರ್ಧ ದಿನ ಅವುಗಳ ಜೊತೆಗೇ ಕಳೆಯಿತು. ಈ ಗಾಡಿಯ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚಿನ ತಲೆ ಎಂದರೆ 12.7 ಮಿಲಿಮೀಟರ್, 13ರ ಪಾನಾ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಹಾಕಿದೊಡನೆ ಜಾರಿ ಮೂಲೆಗಳನ್ನು ಸವೆಸುತ್ತದೆ. ಬಲಗಡೆ ಸ್ಟಿಯರಿಂಗ್ ಶಾಫ್ಟ್ ಅಡ್ಡ ಬರುವುದರಿಂದ ಅಲ್ಲಿ ಪಾನಾ ತಿರುಗಿಸುವುದೇ ಒಂದು ಸರ್ಕಸ್ಸು.

ಹೊರಬಂದ ಎಡಗಡೆಯ ರಬ್ಬರನ್ನು ಬಿಸಿಲಿಗೆ ಹಿಡಿದು ನೋಡಿದೆ. ಉಕ್ಕಿನ ಪಟ್ಟಿಯಿಂದ ಅದು ಮುಕ್ಕಾಲು ಪಾಲು ಬಿಟ್ಟುಕೊಂಡಿತ್ತು. ಬಿಟ್ಟ ಜಾಗದಲ್ಲಿ ಲೋಹ ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚುಗಳು ಉಬ್ಬಿ, ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತಿದ್ದವು. ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಚಿಪ್ಪಿಗೆ ಇಳಿಯುವ ಹಾಲಿನಿಂದಾಗುವ ನೈಸರ್ಗಿಕ ರಬ್ಬರಿಗೆ ನಡುಕವನ್ನು ನುಂಗುವ ಶಕ್ತಿ ಅಪಾರ. ಎಂಜಿನ್ ಆಯಿಲ್ ಮಾತ್ರ ಅದಕ್ಕೆ ವಿಷ. ಈ ಎಂಜಿನ್ನಿನ ಎಡಮಗ್ಗುಲಲ್ಲಿ, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಕೆಳಗೆ, ಟ್ಯಾಪೆಟ್ ಕವರುಗಳೆಂಬ ಮುಚ್ಚಳಗಳಿವೆ. ಅವುಗಳ ಹಳೆಯ ಕಾರ್ಕ್ ಗ್ಯಾಸ್ಕೆಟ್ಟಿನಿಂದ ಜಿನುಗಿದ ಎಣ್ಣೆ ವರ್ಷಗಟ್ಟಲೆ ಅತ್ತ ಹರಿದು, ಸೈಲೆನ್ಸರಿನ ಶಾಖದಲ್ಲಿ ಬೆಂದಿತ್ತು. ಹೊಸ ರಬ್ಬರು ಕೂರಿಸುವ ಮೊದಲು ಆ ಗ್ಯಾಸ್ಕೆಟ್ ಬದಲಿಸಿದ್ದೇ ಆ ದಿನದ ಮುಖ್ಯ ಕೆಲಸವೆಂದು ನಾನು ತಿಳಿಯುತ್ತೇನೆ. ಬಲಗಡೆಯದು ಹರಿದಿರಲಿಲ್ಲ, ಆದರೆ ಬಿರುಕುಬಿಟ್ಟು ಕಲ್ಲಾಗಿತ್ತು, ಅದನ್ನೂ ಬದಲಿಸಿದೆವು.

ಉಡುಪಿಯ ಗೆಳೆಯನೊಬ್ಬ ಪಾಲಿಯುರೆಥೇನ್ ಹಾಕು, ಜನ್ಮಕ್ಕೆ ಸಾಕು ಎಂದು ಒತ್ತಾಯಿಸಿದ್ದ. ಅದಕ್ಕೆ ಎಣ್ಣೆಯ ಭಯವಿಲ್ಲವೆಂಬುದು ನಿಜ. ಆದರೆ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ನಿಂತಾಗಲೂ ಸೆಕೆಂಡಿಗೆ ಸುಮಾರು 27 ಸ್ಫೋಟಗಳಾಗುತ್ತವೆ. ಆ ಗಟ್ಟಿ ವಸ್ತು ಅವುಗಳ ನಡುಕವನ್ನು ಬಹುಪಾಲು ಸೀಟಿಗೇ ದಾಟಿಸುತ್ತದೆ. ರೇಸಿಗೆ ಹೋಗುವವರಿಗೆ ಅದು ಸರಿ, ಪಣಂಬೂರಿನ ಕಡಲಕರೆಗೆ ಹೋಗಿಬರುವ ನನಗೆ ಬೇಡ.

ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಹಾಕಿ, ಜಾಕಿ ಇಳಿಸಿ, ಎಂಜಿನ್ನನ್ನು ಕೈಯಿಂದ ಅಲುಗಿಸಿ ತನ್ನ ಭಾರಕ್ಕೆ ತಾನೇ ಕೂರುವಂತೆ ಮಾಡಿ, ಆಮೇಲಷ್ಟೇ ಬಿಗಿಮಾಡಿದೆವು. ಎಂಜಿನ್ನಿನಿಂದ ಬಾಡಿಗೆ ಕರೆಂಟು ದಾಟಿಸುವ ಅರ್ಥ್ ಪಟ್ಟಿಯನ್ನು ಮರೆಯದೆ ನೋಡಿದೆವು. ಅದು ಕಡಿದಿದ್ದರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ಲಿನ ಮೂಲಕ ಹರಿದು ಅದನ್ನು ಸುಟ್ಟುಬಿಡುತ್ತದೆ. ಮತ್ತೆ ಹ್ಯಾಂಡ್ ಬ್ರೇಕ್ ಎಳೆದು ಕ್ಲಚ್ ಬಿಟ್ಟಾಗ ಎಂಜಿನ್ ಒಮ್ಮೆ ಭುಜ ಕುಣಿಸಿದಂತೆ ಮಾಡಿ ಸುಮ್ಮನಾಯಿತು.

ಅಂದು ಸಂಜೆ ಕಾರಿನಡಿ ಹಳೆಯ ಪೇಪರು ಹಾಸಿಟ್ಟೆ. ಮೂರು ದಿನವಾದರೂ ಎಡಗಡೆ ಒಣಗಿಯೇ ಇತ್ತು. ಬಲಗಡೆ, ಆಯಿಲ್ ಫಿಲ್ಟರಿನ ನೇರಕ್ಕೆ, ನಾಲ್ಕಾಣೆಯಷ್ಟಗಲದ ಒಂದು ಕಲೆ ಕಂಡಿದೆ.