ಇಂಟರ್ನ್‌ಶಿಪ್ ಜುಲೈನಲ್ಲಿ ಬೇಡ, ಅಡಿಕೆ ಬರುವಾಗ ಇಡಿ

ಹೋದ ವಾರ ಶಿವಮೊಗ್ಗದ ಒಂದು ಕಾಲೇಜಿನವರು ಕರೆದಿದ್ದರು. ಬಿಬಿಎ ಸಿಲಬಸ್ ತಿದ್ದುತ್ತಿದ್ದೇವೆ, ಕೆಲಸ ಕೊಡುವವರಿಗೆ ಏನು ಬೇಕು ಅಂತ ಬಂದು ಹೇಳಿ ಅಂದರು. ನಾನು 16 ವರ್ಷದಿಂದ ಅಡಿಕೆ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುವವಳು. ಕರೆದಿದ್ದಕ್ಕೆ ನಿಜಕ್ಕೂ ಖುಷಿಯಾಯಿತು. ಯಾಕೆಂದರೆ ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವುದು ಬೆಂಗಳೂರಿನ ದೊಡ್ಡ ಕಂಪನಿಗಳ ಎಚ್‌ಆರ್‌ಗಳನ್ನು. ಅವರು ಕಮ್ಯುನಿಕೇಶನ್, ಟೀಮ್ ವರ್ಕ್ ಅನ್ನುತ್ತಾರೆ. ಅದು ತಪ್ಪಲ್ಲ. ಆದರೆ ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ಸೇರಿಸಿಕೊಳ್ಳುವ ನಮ್ಮೂರಿನ ಮಂಡಿ, ಸೊಸೈಟಿ, ಫೌಂಡ್ರಿ, ಆಡಿಟರ್ ಆಫೀಸುಗಳೂ ಕೆಲಸ ಕೊಡುವವರೇ ಅಲ್ವಾ?

ಸಭೆಯಲ್ಲಿ ನಮ್ಮ ಮಂಡಿಯಲ್ಲೇ ನಡೆದದ್ದೊಂದನ್ನು ಹೇಳಿದೆ. ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಹುಡುಗಿ ಸೇರಿದಳು. ಬಿಬಿಎಯಲ್ಲಿ ಡಿಸ್ಟಿಂಕ್ಷನ್, ಬಹಳ ಚುರುಕು. ಒಂದು ಸಂಜೆ ರಾಶಿ ದರ್ಜೆಯ ಅಡಿಕೆ ತುಂಬಿದ ಲಾರಿ ನಾಗ್ಪುರಕ್ಕೆ ಹೊರಟಿತು. ಮಾಲು ಸಾಗಿಸಲು ಜಿಎಸ್‌ಟಿಯವರ ಪೋರ್ಟಲ್‌ನಲ್ಲಿ ಮಾಡುವ ಇ-ವೇ ಬಿಲ್ ಅವಳೇ ಮಾಡಿದ್ದಳು, ಎಲ್ಲ ಸರಿ ಇತ್ತು. ಹುಬ್ಬಳ್ಳಿ ದಾಟಿದ ಮೇಲೆ ಲಾರಿ ಕೆಟ್ಟಿತು. ಡ್ರೈವರ್ ಮೂಟೆಗಳನ್ನೆಲ್ಲ ಬೇರೆ ಲಾರಿಗೆ ಹಾಕಿಸಿ, ಬೆಳಿಗ್ಗೆ ಫೋನ್ ಮಾಡಿ, "ಮೇಡಂ, ಗಾಡಿ ಬದಲಾಗಿದೆ" ಅಂದ. ಇವಳು "ಸರಿ ಅಣ್ಣ" ಅಂತ ಫೋನ್ ಇಟ್ಟಳು. ಆ ಬಿಲ್ಲಿನಲ್ಲಿ ಗಾಡಿ ವಿವರ ಇರುವ ಪಾರ್ಟ್ ಬಿಯಲ್ಲಿ ಹೊಸ ಗಾಡಿ ನಂಬರ್ ಹಾಕಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಲಾರಿ ತಡೆದರು. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ 1 ದಿನದ ಲೆಕ್ಕದಲ್ಲಿ ಅವಧಿ ಸಿಗುತ್ತದೆ, ಲಾರಿ ನಿಂತರೂ ಅದು ನಿಲ್ಲುವುದಿಲ್ಲ. ಕೊನೆಗೆ ದಂಡ ಕಟ್ಟಿ ಬಿಡಿಸಿಕೊಂಡೆವು. ಅವತ್ತು ಅವಳು ಊಟದ ಡಬ್ಬಿ ಮುಚ್ಚಳವನ್ನೇ ತೆಗೆಯಲಿಲ್ಲ.

ಅವಳಿಗೆ ಜಿಎಸ್‌ಟಿ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. 2017ರ ಜುಲೈ 1ಕ್ಕೆ ಬಂತು, ಒಣ ಅಡಿಕೆಗೆ ಶೇ 5, 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್, ಎಲ್ಲವನ್ನೂ ಪರೀಕ್ಷೆಯಲ್ಲಿ ಬರೆದಿದ್ದಳು. ಪೋರ್ಟಲ್ ಮಾತ್ರ ಒಮ್ಮೆಯೂ ತೆರೆದು ನೋಡಿರಲಿಲ್ಲ. ಇಂಟರ್ನ್‌ಶಿಪ್ ಕೂಡ ಮಾಡಿದ್ದಳು, ಒಂದು ಮಂಡಿಯಲ್ಲೇ. ಆದರೆ ಜುಲೈನಲ್ಲಿ! ಮಲೆನಾಡಿನ ಜುಲೈ ಅಂದರೆ ಜಡಿಮಳೆ. ಮಂಡಿಗೆ ಮಾಲು ಬರುವುದೇ ಕಡಿಮೆ. ಒಂದು ತಿಂಗಳು ಸುಮ್ನೆ ಕೂತು, ರಿಪೋರ್ಟ್ ಬೈಂಡ್ ಮಾಡಿಸಿ ಕೊಟ್ಟಿದ್ದಳು.

ದೀಪಾವಳಿ ಕಳೆದ ಮೇಲೆ ಬಂದು ನೋಡಿ. ಅಡಿಕೆ ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿಗೆ ಬರುತ್ತಾ ಇರುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದು ದರ್ಜೆಯನ್ನೂ ಬೇರೆ ಬೇರೆ ನೋಡಬೇಕು. ತೂಕ, ಟೆಂಡರ್, ರೈತರಿಗೆ ಹಣ, ಲಾರಿ, ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ ರಿಟರ್ನ್. ಆಗ ಮೂರು ತಿಂಗಳು ಜೊತೆಗೆ ಕೂತ ಹುಡುಗರಿಗೆ ಬರುವ ಧೈರ್ಯವೇ ಬೇರೆ.

ಪಾಪ, ಮೇಷ್ಟ್ರುಗಳದ್ದೂ ಕಷ್ಟ ಇದೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಡಿಗ್ರಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು, ಅದೇ ವರ್ಷ ಬಿಬಿಎ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೆಳಗೆ ಹೋಯಿತು. ಪೇಪರುಗಳ ಹೆಸರು ಬದಲಾಯಿಸುವುದರಲ್ಲೇ ಅವರ ಸಮಯ ಹೋಗಿದೆ. ಆದರೆ 2025ರಲ್ಲಿ ಯುಜಿಸಿ, ಡಿಗ್ರಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಿ, ಅದಕ್ಕೆ ಸ್ಟೈಪೆಂಡ್ ಕೊಡುವ ಪದ್ಧತಿಗೆ ಮಾರ್ಗಸೂಚಿ ಕೊಟ್ಟಿದೆ. ದಯವಿಟ್ಟು ಅದನ್ನು ಬಳಸಿಕೊಳ್ಳಿ ಅಂತ ಕೇಳಿಕೊಂಡೆ.

ಒಬ್ಬ ಮೇಡಂ, "ಎಲ್ಲ ಮಕ್ಕಳೂ ಮಂಡಿಗೆ ಸೇರಲ್ಲವಲ್ಲ" ಅಂದರು. ನಿಜ, ಸೇರಬೇಕು ಅಂತಲೂ ನಾನು ಹೇಳುವುದಿಲ್ಲ. ನಮಗೊಬ್ಬ ಗುಮಾಸ್ತ ಬೇಕು ಅಂತ ಡಿಗ್ರಿಯನ್ನೇ ಕುಗ್ಗಿಸಬಾರದು. ಆದರೆ ಮಾಲು, ಕಾಗದ, ಹೊತ್ತು ಮೂರನ್ನೂ ಹೊಂದಿಸಲು ಕಲಿತವರು ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲೂ ನಿಲ್ಲುತ್ತಾರೆ, ಬೆಂಗಳೂರಿನ ಗೋಡೌನಿನಲ್ಲೂ ನಿಲ್ಲುತ್ತಾರೆ. ನಮ್ಮ ಕಡೆಯಿಂದಲೂ ಕೆಲಸ ಆಗಬೇಕು. ಕಲಿಯಲು ಬಂದವರನ್ನು ಜೆರಾಕ್ಸ್ ತರಲು ಓಡಿಸುವುದು, ಬಿಡಿಗಾಸು ಕೊಡದೆ ದುಡಿಸಿಕೊಳ್ಳುವುದು ಇನ್ನು ಸಾಕು.

ಜನವರಿಗೆ ಇಬ್ಬರನ್ನು ಕಳಿಸಿ, ಕುರ್ಚಿ, ಕಂಪ್ಯೂಟರ್, ಸ್ಟೈಪೆಂಡ್ ನಮ್ಮದು, ಹೇಳಿಕೊಡಲು ಆ ತೀರ್ಥಹಳ್ಳಿ ಹುಡುಗಿ ಇದ್ದಾಳೆ ಅಂದೆ. ಆ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಇರುತ್ತಲ್ಲ ಅಂದರು. ಹಾಗಾದರೆ ಫೆಬ್ರವರಿಗೇ ಕಳಿಸಿ, ಮಾರ್ಚ್ 31ರ ವರ್ಷದ ಲೆಕ್ಕ ಮುಗಿಯುವವರೆಗೆ ವಾಪಸ್ ಕರೆಸಿಕೊಳ್ಳಬೇಡಿ ಅಂದೆ. ಬರೆದುಕೊಂಡಿದ್ದಾರೆ.